‘ಸರ್ವರ್ ಇಲ್ರಿ’ ಅನ್ನೋದು ಉತ್ತರ ಅಲ್ಲ

‘ಸರ್ವರ್ ಇಲ್ರಿ, ನಾಳೆ ಬರ್ರಿ.’

ನಮ್ಮ ಕಡೆ ಹಳ್ಳಿಗಳಲ್ಲಿ ಈ ಮಾತು ಕೇಳದವರಿಲ್ಲ. ರೇಷನ್‌ಗೆ ಹೆಬ್ಬೆಟ್ಟು ಒತ್ತಿದರೂ ಇದೇ, ಪಹಣಿ ಕೇಳಿದರೂ ಇದೇ. ಕೂಲಿ ಬಿಟ್ಟು ಬಂದವರು ಸುಮ್ಮನೆ ತಿರುಗಿ ಹೋಗುತ್ತಾರೆ, ಮಳೆ ಬರಲಿಲ್ಲ ಎಂದರೆ ಸುಮ್ಮನಾದ ಹಾಗೆ. ಆದರೆ ಸರ್ವರ್ ಮಳೆಯಲ್ಲ. ಅದೊಂದು ಯಂತ್ರ. ಕೆಟ್ಟರೆ ಕಾರಣ ಇರುತ್ತದೆ.

ಇದನ್ನು ನಾವು ಮೊರಬದ ಮನೆಯಲ್ಲೇ ಕಲಿತೆವು. ಹಳೇ ಲ್ಯಾಪ್‌ಟಾಪಿನಲ್ಲಿ ಭಜನೆ, ಬಯಲಾಟ, ಮದುವೆಯ ವಿಡಿಯೋ ತುಂಬಿಟ್ಟಿದ್ದೇವೆ. ಅವನ್ನು ಟಿವಿಯಲ್ಲಿ ನೋಡಲು ಕೋಡಿ ಎಂಬ ಉಚಿತ ಆ್ಯಪ್ ಇದೆ. ಯಾವ ವಿಡಿಯೋ ಎಲ್ಲಿದೆ ಎಂಬ ಪಟ್ಟಿ ಲ್ಯಾಪ್‌ಟಾಪಿನ ಡೇಟಾಬೇಸಿನಲ್ಲಿರುತ್ತದೆ. ಒಂದು ಸಂಜೆ ಕರೆಂಟ್ ಹೋಗಿ ಬಂತು, ಟಿವಿಯಲ್ಲಿ ಪಟ್ಟಿಯೇ ಇಲ್ಲ. ಮನೆಯವರೆಲ್ಲ ಅಂದರು: ‘ಸರ್ವರ್ ಹೋಗೇತಿ.’

ಹೋಗಿರಲಿಲ್ಲ. ಇಂಥದ್ದಕ್ಕೆ ಕೇಳಬೇಕಾದ ಪ್ರಶ್ನೆ ನಾಲ್ಕು.

ಒಂದು, ಯಂತ್ರ ಚಾಲೂ ಇದೆಯೇ? ಇತ್ತು.

ಎರಡು, ಟಿವಿ ಹುಡುಕುವ ವಿಳಾಸದಲ್ಲೇ ಇದೆಯೇ? ಇರಲಿಲ್ಲ. ಕರೆಂಟ್ ಬಂದ ಮೇಲೆ ರೌಟರ್ ಲ್ಯಾಪ್‌ಟಾಪಿಗೆ ಹೊಸ ಐಪಿ ನಂಬರ್ ಕೊಟ್ಟಿತ್ತು. ಟಿವಿ ಹಳೇ ಮನೆಯ ಬಾಗಿಲು ಬಡಿಯುತ್ತಿತ್ತು. ರೌಟರಿನಲ್ಲಿ ಹಳೇ ನಂಬರನ್ನೇ ಕಾಯಂ ಮಾಡಿದೆವು, ಪಟ್ಟಿ ಬಂತು.

ಅಲ್ಲೂ ಸಿಗದಿದ್ದರೆ ಮೂರನೆಯದು: ಬಾಗಿಲು ತೆರೆದಿದೆಯೇ? ಮೈಎಸ್‌ಕ್ಯೂಎಲ್, ಮರಿಯಾಡಿಬಿ ಡೇಟಾಬೇಸಿಗೆ ಆ ಬಾಗಿಲು ಸಾಮಾನ್ಯವಾಗಿ 3306ನೇ ಪೋರ್ಟ್. 127.0.0.1ಕ್ಕೆ ಮಾತ್ರ ಓಗೊಡುವಂತೆ ಇಟ್ಟಿದ್ದರೆ ಹೊರಗಿನವರ ಕೂಗು ಅದಕ್ಕೆ ಕೇಳುವುದೇ ಇಲ್ಲ. ಫೈರ್‌ವಾಲ್ ಕೂಡ ತಡೆಯಬಹುದು.

ನಾಲ್ಕು, ಒಳಗೆ ಬರಲು ಅನುಮತಿ ಇದೆಯೇ? ‘ಆಕ್ಸೆಸ್ ಡಿನೈಡ್’ ಎಂದು ಬಂದರೆ ಸರ್ವರ್ ಸತ್ತಿಲ್ಲ. ಬದುಕಿದ್ದೇ ‘ನೀ ಯಾರು?’ ಎನ್ನುತ್ತಿದೆ.

ಒಂದು ಟಿವಿಗಾಗಿ ನಾವು ಇಷ್ಟು ಕೇಳುತ್ತೇವೆ. ಅಕ್ಕಿಗಾಗಿ, ಪಹಣಿಗಾಗಿ ಯಾಕೆ ಕೇಳುವುದಿಲ್ಲ?

ಕೌಂಟರಿನಲ್ಲಿ ಕೂತ ಹುಡುಗನದ್ದೇ ತಪ್ಪು ಎನ್ನುತ್ತಿಲ್ಲ. ದೂರದ ಕಂಪ್ಯೂಟರ್ ಅವನ ಕೈಯಲ್ಲಿಲ್ಲ, ನಿಜ. ಆದರೆ ಊರಿನ ನೆಟ್‌ವರ್ಕ್, ಅಂಗಡಿಯ ಯಂತ್ರ, ಲಾಗಿನ್, ರಾಜಧಾನಿಯ ಸರ್ವರ್ ಒಂದೊಂದಕ್ಕೂ ಬೇರೆ ಬೇರೆ ಹೊಣೆಗಾರರಿದ್ದಾರೆ. ಎಲ್ಲಕ್ಕೂ ‘ಸರ್ವರ್ ಇಲ್ಲ’ ಎಂದುಬಿಟ್ಟರೆ ಯಾರೂ ಹೊಣೆಗಾರರಲ್ಲ. ಮೊದಲು ‘ತಲಾಠಿ ಇಲ್ಲ’ ಎನ್ನುತ್ತಿದ್ದರು. ತಲಾಠಿಯ ಮನೆಯಾದರೂ ಗೊತ್ತಿತ್ತು, ಹೋಗಿ ಕೂರುತ್ತಿದ್ದೆವು. ಸರ್ವರ್ ಮನೆ ಎಲ್ಲಿ?

ಇನ್ನೊಂದು ಮಾತು. ಸಕಾಲದಲ್ಲಿ ಅರ್ಜಿ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆದರೆ ದಿನಗಳ ಎಣಿಕೆ ಶುರುವಾಗುವುದು ಅರ್ಜಿ ದಾಖಲಾದ ಮೇಲೆ. ‘ಸರ್ವರ್ ಇಲ್ಲ’ ಎಂದರೆ ಅರ್ಜಿಯೇ ದಾಖಲಾಗದು, ತಡವಾಯಿತೆಂದು ಕೇಳುವ ಹಾಗೂ ಇಲ್ಲ.

ರೇಷನ್ ವಿಷಯದಲ್ಲಂತೂ ನೆಪಕ್ಕೆ ಜಾಗವೇ ಇಲ್ಲ. ನೆಟ್‌ವರ್ಕ್ ಅಥವಾ ಬೆರಳಚ್ಚು ಕೈಕೊಟ್ಟಿತೆಂದು ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ಮುಂದಿನ ಸಲ ತಿರುಗಿ ಬರುವ ಮುಂಚೆ ಮೂರು ಕೆಲಸ ಮಾಡಿರಿ. ಪರದೆಯ ಮೇಲೆ ಏನು ಬಂದಿದೆ ಕೇಳಿರಿ. ಫೋಟೋ ತೆಗೆಯಿರಿ. ದಿನ, ವೇಳೆ ಬರೆದುಕೊಂಡು ಬರಹದಲ್ಲೇ ದೂರು ಕೊಡಿರಿ. ‘ನಾಳೆ ಬರ್ರಿ’ ಎಂದವರಿಗೆ ಒಂದೇ ಪ್ರಶ್ನೆ ಸಾಕು: ‘ಏನು ಕೆಟ್ಟೈತಿ, ಯಾರು ರಿಪೇರಿ ಮಾಡ್ತಾರ, ಹೇಳ್ರಿ.’