ಬೇಲೆಕೇರಿಯ ಅದಿರು, ಒಂದು ರಾಜೀನಾಮೆ

2010ರ ಆಸುಪಾಸಿನಲ್ಲಿ ಅಂಕೋಲಾ ಪೇಟೆಗೆ ಹೋಗಿಬಂದ ಮಂಜಗುಣಿಯವರಿಗೆಲ್ಲ ಆ ಕೆಂಪು ಧೂಳು ನೆನಪಿದೆ. ಹೊಸಪೇಟೆ ಕಡೆಯಿಂದ ಹೊರಟು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದ ಅದಿರಿನ ಲಾರಿಗಳು ಸಾಲುಗಟ್ಟಿ ಬೇಲೆಕೇರಿ ಬಂದರಿಗೆ ನುಗ್ಗುತ್ತಿದ್ದವು. ರಸ್ತೆ ಪಕ್ಕದ ಮರಗಳ ಎಲೆಗೂ ಹಸಿರು ಉಳಿದಿರಲಿಲ್ಲ. ಆ ಬಂದರಿನಲ್ಲಿ ನಡೆದ ಅನ್ಯಾಯದ ಕಾರಣಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರು ತಮ್ಮ ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ಬರೆದರು. ಈಗ ಕಾಲೇಜಿಗೆ ಹೋಗುವ ಮಕ್ಕಳಿಗೆ ಅದನ್ನು ಯಾರೂ ಹೇಳಿಲ್ಲ. ಆದ್ದರಿಂದ ಈ ಸಲದ ಮಾತು ಎನ್. ಸಂತೋಷ್ ಹೆಗ್ಡೆಯವರ ಕುರಿತು.

ಅವರ ಕಥೆ ಅಪ್ಪನಿಂದಲೇ ಶುರುವಾಗಬೇಕು. ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ ರಾಜ್ಯಸಭೆಯ ಕಾಂಗ್ರೆಸ್ ಸದಸ್ಯರಾಗಿದ್ದವರು, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ಸೇರಿ ಆಗಿನ್ನೂ ವರ್ಷವಾಗುತ್ತ ಬಂದಿತ್ತು. ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯೂ ಅವರೇ. 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳ ಪೀಠ 7-6ರಲ್ಲಿ ತೀರ್ಪು ಕೊಟ್ಟಿತು. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದ ಏಳು ಜನರಲ್ಲಿ ಹೆಗ್ಡೆ ಒಬ್ಬರು. ತೀರ್ಪು ಬಂದದ್ದು 1973ರ ಏಪ್ರಿಲ್ 24ಕ್ಕೆ. ಬೆನ್ನಿಗೇ ಸರ್ಕಾರ ಆ ಏಳು ಜನರಲ್ಲಿದ್ದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗೊತ್ತಿ, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು.

ಇದು ಬಹಳ ಜನರಿಗೆ ಗೊತ್ತು. ನನ್ನ ಮನಸ್ಸಿನಲ್ಲಿ ನಿಂತಿರುವುದು ಕೆ.ಎಸ್. ಹೆಗ್ಡೆಯವರು 1969ರಲ್ಲಿ ಬರೆದ ಇನ್ನೊಂದು ತೀರ್ಪು, ಕ್ರೈಪಾಕ್ ಮೊಕದ್ದಮೆಯದು. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆ ನಡೆದಿತ್ತು. ಆಯ್ಕೆ ಮಂಡಳಿಯಲ್ಲಿ ಕುಳಿತಿದ್ದ ಅಧಿಕಾರಿಯೊಬ್ಬರು ತಾವೇ ಒಬ್ಬ ಅಭ್ಯರ್ಥಿ. ತಮ್ಮ ಹೆಸರು ಬಂದಾಗ ಎದ್ದು ಹೊರಗೆ ಹೋದರು, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತೇ ಇದ್ದರು. ಹೆಗ್ಡೆಯವರು ಆ ಆಯ್ಕೆಯನ್ನೇ ರದ್ದು ಮಾಡಿದರು. ಕೋರ್ಟು ಮಾತ್ರವಲ್ಲ, ಕಚೇರಿಯಲ್ಲಿ ಕುಳಿತು ಇನ್ನೊಬ್ಬನ ಹಣೆಬರಹ ನಿರ್ಧರಿಸುವ ಅಧಿಕಾರಿಯೂ ನ್ಯಾಯವಾಗಿ ನಡೆದುಕೊಳ್ಳಬೇಕೆಂಬ ತತ್ವ ಅಲ್ಲಿಂದ ಗಟ್ಟಿಯಾಯಿತು. ತಾಲೂಕು ಕಚೇರಿಯಲ್ಲಿ ನಮ್ಮನ್ನು ಕೇಳದೆಯೇ ನಮ್ಮ ವಿರುದ್ಧ ಆದೇಶವಾದಾಗ, ಇದು ಸಲ್ಲದು ಎಂದು ವಕೀಲರು ವಾದಿಸುತ್ತಾರಲ್ಲ, ಆ ವಾದಕ್ಕೆ ಬಲ ತುಂಬಿದ ತೀರ್ಪುಗಳಲ್ಲಿ ಇದೂ ಒಂದು.

ಮಗ ಹೈಕೋರ್ಟಿನ ಪೀಠದಲ್ಲಿ ಕುಳಿತವರಲ್ಲ. ರಾಜ್ಯದ ಅಡ್ವೊಕೇಟ್ ಜನರಲ್, ಬಳಿಕ ದೇಶದ ಸಾಲಿಸಿಟರ್ ಜನರಲ್ ಆಗಿದ್ದವರನ್ನು 1999ರಲ್ಲಿ ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ ತೆಗೆದುಕೊಂಡರು. ಹಾಗೆ ಹೋದವರು ತೀರಾ ಕಡಿಮೆ. 2005ರಲ್ಲಿ ನಿವೃತ್ತರಾಗಿ, 2006ರ ಆಗಸ್ಟಿನಲ್ಲಿ ಕರ್ನಾಟಕದ ಲೋಕಾಯುಕ್ತರಾದರು.

ಲೋಕಾಯುಕ್ತರ ಕುರ್ಚಿ ನ್ಯಾಯಪೀಠವಲ್ಲ. ಸುಪ್ರೀಂ ಕೋರ್ಟಿನಲ್ಲಿ ಅವರ ಮಾತು ಆದೇಶವಾಗಿತ್ತು, ಇಲ್ಲಿ ಅದು ಶಿಫಾರಸು. ಪಾಲಿಸುವುದು, ಬಿಡುವುದು ಸರ್ಕಾರದ ಮರ್ಜಿ. 2010ರ ಮಾರ್ಚಿನಲ್ಲಿ ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಬೇಲೆಕೇರಿಯಲ್ಲಿ ಅಕ್ರಮ ಅದಿರನ್ನು ಜಪ್ತಿ ಮಾಡಿ ಬಂದರಿನವರ ಸುಪರ್ದಿಗೆ ಬಿಟ್ಟರು. ಮಳೆಗಾಲ ಹಿಡಿಯುವಷ್ಟರಲ್ಲಿ ಅದರಲ್ಲಿ ಸುಮಾರು 5 ಲಕ್ಷ ಟನ್ ಹಡಗು ಹತ್ತಿ ಹೋಗಿತ್ತು. 5 ಲಕ್ಷ ಟನ್ ಅದಿರು ಯಾರಿಗೂ ಕಾಣದಂತೆ ಹೋಗುವ ವಸ್ತುವಲ್ಲ. ಕದ್ದವರನ್ನು ಹಿಡಿಯುವ ಬದಲು, ಹಿಡಿದ ಗೋಕುಲ್ ಅವರನ್ನೇ ಅಮಾನತು ಮಾಡಲು ಸರ್ಕಾರದಲ್ಲಿದ್ದವರು ಹೊರಟರು. ಜೂನ್ 23ರಂದು ಹೆಗ್ಡೆ ರಾಜೀನಾಮೆ ಕೊಟ್ಟರು. ಅಪ್ಪನ ತೀರ್ಪು ನ್ಯಾಯ ದೊರಕಿಸಿಕೊಟ್ಟದ್ದೂ ಅರಣ್ಯ ಇಲಾಖೆಯ ಅಧಿಕಾರಿಗಳಿಗೆ, ಮಗ ಹುದ್ದೆ ಬಿಡಲು ಹೊರಟದ್ದೂ ಒಬ್ಬ ಅರಣ್ಯಾಧಿಕಾರಿಗಾಗಿ.

ಜುಲೈ 3ರಂದು, ಆಗ ರಾಜ್ಯವನ್ನು ಆಳುತ್ತಿದ್ದ ಬಿಜೆಪಿಯ ಹಿರಿಯ ನಾಯಕ ಎಲ್.ಕೆ. ಅಡ್ವಾಣಿಯವರ ಕೋರಿಕೆಯ ಮೇರೆಗೆ, ಅದನ್ನು ಹಿಂತೆಗೆದುಕೊಂಡರು. ಆಗ ಟೀಕಿಸಿದವರು ಬಹಳ ಜನ. ಅಪ್ಪ ಹೊರಟವರು ತಿರುಗಿ ನೋಡಲಿಲ್ಲ, ಮಗ ನೋಡಿದರು ಎಂಬ ಹೋಲಿಕೆಯೂ ಬಂತು. ನಾನು ಆ ಟೀಕೆಯನ್ನು ಒಪ್ಪುವುದಿಲ್ಲ. ಅಪ್ಪ ಬಿಟ್ಟು ಬಂದಾಗ ಅವರ ತೀರ್ಪು ಆಗಲೇ ಬರೆದಾಗಿತ್ತು. ಅಕ್ರಮ ಗಣಿಗಾರಿಕೆ ಕುರಿತ ಮಗನ ವರದಿ ಇನ್ನೂ ಬರೆಯುವುದಿತ್ತು. ಅರಣ್ಯಾಧಿಕಾರಿ ಡಾ. ಯು.ವಿ. ಸಿಂಗ್ ಅವರ ತಂಡ ಲೆಕ್ಕಪತ್ರ ಜಾಲಾಡಿ ಸಂಗ್ರಹಿಸಿದ್ದೆಲ್ಲ ಸೇರಿ, 2011ರ ಜುಲೈ 27ರಂದು ಅವರು ಸಲ್ಲಿಸಿದ ವರದಿಯಲ್ಲಿ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಲೆಕ್ಕ ಸಿಕ್ಕಿತು. ನಾಲ್ಕು ದಿನಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆಗಸ್ಟ್ 2ಕ್ಕೆ ಹೆಗ್ಡೆಯವರ ಅವಧಿ ಮುಗಿಯಿತು. ಹಟ ಹಿಡಿದು ಹೋಗಿದ್ದರೆ ಹೆಸರು ಉಳಿಯುತ್ತಿತ್ತು, ವರದಿ ಉಳಿಯುತ್ತಿತ್ತೋ ಇಲ್ಲವೋ.

ಆ ವರದಿಯಲ್ಲಿ ಹಡಗುಗಳಿವೆ, ಪರ್ಮಿಟ್ಟುಗಳಿವೆ, ಕಂಪನಿಗಳಿವೆ. ನಮ್ಮವರ ಮಾತು ಇನ್ನೂ ಎಲ್ಲಿಯೂ ದಾಖಲಾಗಿಲ್ಲ. ಬಂದರಿನಲ್ಲಿ ಕೂಲಿ ಮಾಡಿದವರು, ಲಾರಿಯಲ್ಲಿ ಕ್ಲೀನರ್ ಆಗಿದ್ದವರು, ಹೆದ್ದಾರಿ ಪಕ್ಕದಲ್ಲಿ ಚಹಾದಂಗಡಿ ಇಟ್ಟವರು, ಧೂಳು ಕುಡಿದು ಕೆಮ್ಮಿದವರು, ಆ ದುಡ್ಡಿನಲ್ಲೇ ಮನೆ ಕಟ್ಟಿದವರು ಈ ತಾಲೂಕಿನಲ್ಲಿ ಎಷ್ಟೋ ಜನ ಇದ್ದಾರೆ. ಹೆಸರು ಹಾಕಲು ಇಷ್ಟವಿಲ್ಲದಿದ್ದರೆ ಬೇಡ, ಕಂಡದ್ದನ್ನು ಕಂಡಂತೆ ಬರೆದು ಕಳಿಸಿ. ಬರೆಯಲು ಬಾರದ ಹಿರಿಯರಿದ್ದರೆ ತಿಳಿಸಿ, ನಾವೇ ಮನೆಗೆ ಬಂದು ಕೇಳಿ ಬರೆದುಕೊಳ್ಳುತ್ತೇವೆ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಪುಟಗಳನ್ನು ಬಿಟ್ಟಿದ್ದೇವೆ.