ಪೆನ್‌ಡ್ರೈವ್ ದುರಸ್ತಿಯಾಯಿತು, ಬರಹ?

ಹೊರನಾಡಿನ ಕನ್ನಡ ಸಂಘಗಳ ಚರಿತ್ರೆಯ ಬಹುಭಾಗ ಇಂದು ಕಪಾಟಿನಲ್ಲಿಲ್ಲ. ಯಾರದೋ ಕೀಲಿಗೊಂಚಲಿನಲ್ಲಿ ತೂಗುವ ಪೆನ್‌ಡ್ರೈವಿನಲ್ಲಿದೆ. ಸ್ಮರಣ ಸಂಚಿಕೆಯ ಪುಟಗಳು, ನಾಟಕದ ಧ್ವನಿಮುದ್ರಣ, ರಾಜ್ಯೋತ್ಸವದ ಛಾಯಾಚಿತ್ರಗಳು, ಎಲ್ಲವನ್ನೂ ಅದರಲ್ಲಿ ತುಂಬಿ, ಕಾರ್ಯದರ್ಶಿ ಬದಲಾದಾಗ ಹೊಸಬರ ಅಂಗೈಗೆ ಹಾಕುತ್ತೇವೆ. ಒಂದು ದಿನ ಗಣಕಕ್ಕೆ ಸಿಕ್ಕಿಸಿದಾಗ ‘ಡಿಸ್ಕ್ ಹಾಕಿ’ ಎಂಬ ಸೂಚನೆ ಬರುತ್ತದೆ, ಇಲ್ಲವೇ ಗಾತ್ರ ಸೊನ್ನೆ ಎಂದು ತೋರುತ್ತದೆ. ಆಗ ಬಲ್ಲವರು ಹೇಳುವ ಮದ್ದು ಫರ್ಮ್‌ವೇರ್ ದುರಸ್ತಿ. ಆ ಮದ್ದಿನ ಬಗೆಗೆ ನಮ್ಮದೊಂದು ತಕರಾರಿದೆ.

ಪೆನ್‌ಡ್ರೈವಿನಲ್ಲಿ ಮುಖ್ಯವಾದವು ಎರಡು: ದತ್ತಾಂಶವನ್ನು ಹಿಡಿದಿಡುವ ನ್ಯಾಂಡ್ ಫ್ಲ್ಯಾಶ್ ಚಿಪ್ಪು ಮತ್ತು ಅದಕ್ಕೂ ಗಣಕಕ್ಕೂ ನಡುವೆ ವ್ಯವಹಾರ ನಡೆಸುವ ಕಂಟ್ರೋಲರ್. ಕಂಟ್ರೋಲರನ್ನು ಸರ್ಕಾರಿ ಕಚೇರಿಯ ಹಳೆಯ ದಾಖಲೆ ಗುಮಾಸ್ತರಿಗೆ ಹೋಲಿಸಬಹುದು. ಯಾವ ಕಡತ ಯಾವ ಗೂಡಿನಲ್ಲಿದೆ, ಯಾವ ಗೂಡು ಕೆಟ್ಟಿದೆ ಎಂಬುದು ಅವರ ವಹಿಗೆ ಮಾತ್ರ ಗೊತ್ತು. ಗೂಡುಗಳೆಲ್ಲ ಸಮನಾಗಿ ಸವೆಯಲೆಂದು ಒಂದೇ ಲೇಖನದ ತುಣುಕುಗಳನ್ನು ಬೇರೆ ಬೇರೆ ಕಡೆ ಇಟ್ಟಿರುತ್ತಾರೆ. ಆ ವಹಿಯೂ, ಕಂಟ್ರೋಲರನ್ನು ನಡೆಸುವ ಫರ್ಮ್‌ವೇರಿನ ಬಹುಪಾಲೂ ಸಾಮಾನ್ಯವಾಗಿ ಅದೇ ನ್ಯಾಂಡ್ ಚಿಪ್ಪಿನಲ್ಲಿರುತ್ತವೆ. ಬರೆಯುತ್ತಿರುವಾಗಲೇ ಡ್ರೈವನ್ನು ಕಿತ್ತರೆ ಅಥವಾ ಆ ಭಾಗ ಸವೆದರೆ ಗುಮಾಸ್ತರಿಗೆ ಮರೆವು ಕವಿಯುತ್ತದೆ. ಕಡತಗಳು ಮಾತ್ರ ಎಷ್ಟೋ ಸಲ ಇದ್ದಲ್ಲೇ ಇರುತ್ತವೆ.

ಫೈಸನ್, ಸಿಲಿಕಾನ್ ಮೋಷನ್, ಆಲ್ಕರ್ ಮೊದಲಾದ ತೈವಾನಿನ ಕಂಪನಿಗಳ ಕಂಟ್ರೋಲರುಗಳಿಗೆ ‘ಮಾಸ್ ಪ್ರೊಡಕ್ಷನ್ ಟೂಲ್’ ಎಂಬ ತಂತ್ರಾಂಶಗಳಿವೆ. ಅವು ಕಾರ್ಖಾನೆಯಲ್ಲಿ ಹೊಸ ಡ್ರೈವನ್ನು ಸಿದ್ಧಗೊಳಿಸಲು ರಚಿತವಾದವು. ಗ್ರಾಹಕರ ಕೈಗೆ ಬಂದದ್ದು ಸೋರಿಕೆಯಿಂದ. ಚಿಪ್‌ಜೀನಿಯಸ್‌ನಂಥ ಸಾಧನದಿಂದ ಕಂಟ್ರೋಲರಿನ ಗುರುತು ಹಿಡಿದು, ಅದಕ್ಕೆ ಒಪ್ಪುವ ಆವೃತ್ತಿಯನ್ನೇ ಓಡಿಸಬೇಕು. ಮೇಲಿನ ಕಂಪನಿಯ ಹೆಸರನ್ನು ನೆಚ್ಚುವಂತಿಲ್ಲ. ಒಂದೇ ಮಾದರಿಯ ಎರಡು ಡ್ರೈವುಗಳ ಒಳಗೆ ಬೇರೆ ಬೇರೆ ಕಂಟ್ರೋಲರುಗಳಿರುವುದುಂಟು. ಡ್ರೈವ್ ಮಾತೇ ಆಡದಿದ್ದರೆ ಕವಚ ಬಿಚ್ಚಿ, ನ್ಯಾಂಡ್ ಚಿಪ್ಪಿನ ಎರಡು ಕಾಲುಗಳನ್ನು ಸೂಜಿಯಿಂದ ಕ್ಷಣಕಾಲ ಸೇರಿಸಿ ಎಬ್ಬಿಸುವವರೂ ಇದ್ದಾರೆ. ಇದು ನಿಜವಾದ ವಿದ್ಯೆ. ನೆಹರು ಪ್ಲೇಸ್, ಲ್ಯಾಮಿಂಗ್ಟನ್ ರಸ್ತೆ, ರಿಚಿ ಸ್ಟ್ರೀಟ್‌ಗಳ ದುರಸ್ತಿಗಾರರ ಕೈಚಳಕದ ಬಗ್ಗೆ ನಮಗೆ ಗೌರವವಿದೆ.

ಆದರೆ ಈ ತಂತ್ರಾಂಶ ಹಳೆಯ ವಹಿಯನ್ನು ಹುಡುಕಿಕೊಡುವುದಿಲ್ಲ, ಹೊಸ ವಹಿ ತೆರೆಯುತ್ತದೆ. ಗೂಡುಗಳನ್ನು ಅಳಿಸಿ, ಪರೀಕ್ಷಿಸಿ, ಕೆಟ್ಟವನ್ನು ಬೇರ್ಪಡಿಸಿ, ಫರ್ಮ್‌ವೇರನ್ನು ಮತ್ತೆ ಬರೆಯುತ್ತದೆ. ನಮ್ಮ ಬಳಗದ ಹಿರಿಯರೊಬ್ಬರು ಹದಿನೈದು ವರ್ಷಗಳ ಲೇಖನಗಳಿದ್ದ ಡ್ರೈವನ್ನು ಅಂಗಡಿಯೊಂದಕ್ಕೆ ಕೊಟ್ಟಿದ್ದರು. ಸಂಜೆ ‘ಠೀಕ್ ಹೋ ಗಯಾ, ಅಂಕಲ್‌ಜೀ’ ಎಂದು ಕರೆ ಬಂತು. ಮುನ್ನೂರು ರೂಪಾಯಿ ತೆತ್ತು ಅವರು ತಂದದ್ದು ಬರಿದಾದ ಡ್ರೈವನ್ನು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಡ್ರೈವ್ ಬೇಕೋ ಅದರೊಳಗಿನದು ಬೇಕೋ ಎಂದು ಕೇಳಿರಲಿಲ್ಲ, ಅಷ್ಟೆ. ನಾಲ್ಕುನೂರು ರೂಪಾಯಿಯ ವಸ್ತುವನ್ನು ಉಳಿಸುವ ಭರದಲ್ಲಿ ಬೆಲೆ ಕಟ್ಟಲಾಗದ್ದು ಹೋಯಿತು.

ಒಳಗಿನದು ಬೇಕೆಂದಿದ್ದರೆ ದಾರಿ ಬೇರೆ. ಫಾರ್ಮ್ಯಾಟ್ ಮಾಡದೆ, ಯಾವ ತಂತ್ರಾಂಶವನ್ನೂ ಓಡಿಸದೆ, ದತ್ತಾಂಶ ಮರಳಿಸುವ ಪ್ರಯೋಗಾಲಯಕ್ಕೆ ಒಯ್ಯಬೇಕು. ಅಲ್ಲಿ ನ್ಯಾಂಡ್ ಚಿಪ್ಪನ್ನು ನೇರವಾಗಿ ಓದಿ, ಕಂಟ್ರೋಲರಿನ ಜೋಡಣೆಯನ್ನು ಊಹಿಸಿ, ತುಣುಕುಗಳನ್ನು ಹೊಂದಿಸುತ್ತಾರೆ. ಖರ್ಚು ಡ್ರೈವಿನ ಬೆಲೆಯ ಹಲವು ಪಟ್ಟು, ಫಲ ಖಚಿತವಲ್ಲ. ಕನ್ನಡಿಗರಿಗೆ ಇನ್ನೊಂದು ಸಂಕಟವೂ ಉಂಟು. ಯೂನಿಕೋಡ್ ರೂಢಿಯಾಗುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಬರಹ, ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಮರಳಿ ಬಂದ ಕಡತಗಳಿಗೆ ಹಳೆಯ ಹೆಸರೂ ಉಳಿದಿರಲಿಕ್ಕಿಲ್ಲ. ಕನ್ನಡ ತಿಳಿಯದ ತಂತ್ರಜ್ಞ ಅದನ್ನು ಕೆಟ್ಟ ಕಡತವೆಂದು ಬದಿಗೆ ಸರಿಸಿದರೆ ಅವನನ್ನು ದೂರುವುದು ಹೇಗೆ? ಪಕ್ಕದಲ್ಲಿ ನಮ್ಮವರೊಬ್ಬರು ಕೂರಲೇಬೇಕು.

ಸೋರಿ ಬಂದ ತಂತ್ರಾಂಶಗಳಲ್ಲಿ ಬೇರೆ ಅಪಾಯವೂ ಇದೆ. ಫರ್ಮ್‌ವೇರನ್ನು ತಿದ್ದಿದರೆ ಪೆನ್‌ಡ್ರೈವ್ ತಾನು ಕೀಲಿಮಣೆಯೆಂದು ನಟಿಸಿ ಗಣಕಕ್ಕೆ ಆಜ್ಞೆ ಕೊಡಬಲ್ಲದೆಂದು ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ 2014ರಲ್ಲಿ ತೋರಿಸಿದರು. 8 ಜಿಬಿ ಡ್ರೈವನ್ನು 64 ಎಂದು ತೋರಿಸಿ ಮಾರುವ ವಂಚಕರೂ ಫರ್ಮ್‌ವೇರನ್ನೇ ತಿದ್ದುತ್ತಾರೆ. ಕಚೇರಿಯಲ್ಲಿ ಹೊರಗಿನ ಡ್ರೈವ್ ಬಳಸಬಾರದೆಂಬ ನಿಯಮಕ್ಕೆ ಗೊಣಗುವ ಸಹೋದ್ಯೋಗಿಗಳಿಗೆ ನಾವು ಇದನ್ನೇ ಹೇಳುವುದು.

ಸಂಘಗಳು ಮುಂದಿನ ಸರ್ವಸದಸ್ಯರ ಸಭೆಯಲ್ಲೇ ನಿರ್ಣಯ ಮಾಡಲಿ: ಹಳೆಯ ಕಡತಗಳೆಲ್ಲ ಯೂನಿಕೋಡಿಗೆ ಬರಬೇಕು, ಮೂರು ಪ್ರತಿಗಳು ಮೂರು ಮನೆಗಳಲ್ಲಿರಬೇಕು, ಒಂದಾದರೂ ಕಾಗದದ ಮೇಲಿರಬೇಕು. ‘ಕ್ಲೌಡ್ ಇದೆಯಲ್ಲ’ ಎನ್ನುವ ಕಿರಿಯರು ಪಾಸ್‌ವರ್ಡ್ ಯಾರ ಫೋನಿನಲ್ಲಿದೆಯೆಂದು ಮೊದಲು ತಿಳಿಸಲಿ. ದುರಸ್ತಿಯಾದ ಡ್ರೈವನ್ನು ಎಸೆಯಬೇಕಿಲ್ಲ. ಕೆಟ್ಟ ಗೂಡುಗಳು ಕಳೆದು 16 ಜಿಬಿ ಇದ್ದದ್ದು 11 ಆಗಿದ್ದರೂ ಕಾರಿನಲ್ಲಿ ಚಿತ್ರಗೀತೆ ಕೇಳಲು ಅದು ಧಾರಾಳವಾಗಿ ಸಾಕು.