ಸುಳಿಯನ್ನು ಎಳೆದವರು ಯಾರು?

ಮಕ್ಕಳೇ, ಈ ವಾರ ನಾನೊಂದು ಹಳೇ ಸಾಲ ತೀರಿಸಬೇಕು. ದುಡ್ಡಿನ ಸಾಲವಲ್ಲ, ಉತ್ತರದ ಸಾಲ.

ನಾನು ಮೇಷ್ಟ್ರಾಗಿ ಸೇರಿದ ಹೊಸದು. ಮಳೆಗಾಲದಲ್ಲಿ ಒಂದು ದಿನ ಒಂಬತ್ತನೇ ಕ್ಲಾಸಿನವರನ್ನು ಶಾಲೆಯ ಹತ್ತಿರದ ಹಳ್ಳದ ಸೇತುವೆಗೆ ಕರೆದುಕೊಂಡು ಹೋಗಿದ್ದೆ. ಸೇತುವೆಯ ಕಂಬದ ಹಿಂದೆ ಕೆಂಪು ನೀರು ದೊಡ್ಡ ಸುಳಿಯಾಗಿ ತಿರುಗುತ್ತಿತ್ತು. ಅದರಾಚೆ ಸಣ್ಣ ಸುಳಿಗಳು, ಇನ್ನೂ ಆಚೆ ಬರೀ ಕದಡಿದ ನೀರು. "ನೋಡಿ, ದೊಡ್ಡ ಸುಳಿ ಒಡೆದು ಸಣ್ಣ ಸುಳಿ ಆಗುತ್ತೆ, ಸಣ್ಣದು ಒಡೆದು ಇನ್ನೂ ಸಣ್ಣದಾಗುತ್ತೆ" ಎಂದೆ. ಪುಸ್ತಕದಲ್ಲಿ ಓದಿದ್ದೇ ಅಷ್ಟು.

ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಸುಳಿ ಅಂದ್ರೆ ಮಡಕೆ ಅಲ್ವಲ್ಲ, ಒಡೆಯೋದು ಹೇಗೆ?"

ಎಲ್ಲರೂ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, "ಇದು ಪರೀಕ್ಷೆಗೆ ಬರೋದಿಲ್ಲಮ್ಮ, ನಡಿ" ಎಂದುಬಿಟ್ಟೆ. ಆ ವರ್ಷ ಮುಗಿಯುವವರೆಗೂ ಅವಳು ನನ್ನ ಕ್ಲಾಸಿನಲ್ಲಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಸುಳಿ ಒಡೆಯುವುದಿಲ್ಲ. ಅದನ್ನು ಯಾರೋ ಹಿಡಿದು ಎಳೆಯುತ್ತಾರೆ.

ಅಜ್ಜಿ ಕೋಡುಬಳೆ ಮಾಡುವಾಗ ಹಿಟ್ಟನ್ನು ಹೊಸೆಯುವುದು ನೋಡಿದ್ದೀರಲ್ಲ? ಉದ್ದವಾದಷ್ಟೂ ಅದು ಸಣ್ಣಗಾಗುತ್ತದೆ. ಸುಳಿಯೂ ಹಾಗೇ, ತಿರುಗುತ್ತಿರುವ ನೀರಿನ ಒಂದು ಕೋಲು. ಅದನ್ನು ಎರಡರಷ್ಟು ಉದ್ದಕ್ಕೆ ಎಳೆದರೆ ಅದರ ದಪ್ಪದ ಅಡ್ಡಕೊಯ್ತ ಅರ್ಧವಾಗುತ್ತದೆ. ತಿರುಗುವ ವೇಗವೋ ಎರಡರಷ್ಟಾಗುತ್ತದೆ! ತಿರುಗುವ ಕುರ್ಚಿಯಲ್ಲಿ ಕೈ ಚಾಚಿ ಕೂತು, ಆಮೇಲೆ ಕೈ ಮಡಚಿಕೊಂಡರೆ ಜೋರಾಗಿ ತಿರುಗುತ್ತೀರಿ. ಇದೂ ಅದೇ ಲೆಕ್ಕ.

ಇನ್ನೊಂದು ವಿಷಯ ಗಮನಿಸಿ. ಎಳೆದ ಮೇಲೆ ಸುಳಿಯ ತಿರುಗುವ ಶಕ್ತಿಯೂ ಎರಡರಷ್ಟಾಗಿರುತ್ತದೆ. ಈ ಹೆಚ್ಚಿನ ಶಕ್ತಿ ಎಲ್ಲಿಂದ ಬಂತು? ಎಳೆದವರ ಕೈಯಿಂದ. ಎಳೆದವರು ಯಾರು? ಸುತ್ತಲಿನ ದೊಡ್ಡ ಸುಳಿಗಳು. ದೊಡ್ಡ ಸುಳಿಯಲ್ಲಿ ಒಂದು ಕಡೆಯ ನೀರು ಬೇಗ, ಇನ್ನೊಂದು ಕಡೆಯದು ನಿಧಾನ ಹೋಗುತ್ತದೆ. ನಡುವೆ ಸಿಕ್ಕ ಪುಟ್ಟ ಸುಳಿ ಎಳೆತಕ್ಕೆ ಸಿಕ್ಕಿ ಉದ್ದವಾಗುತ್ತದೆ. ದೊಡ್ಡದರ ಶಕ್ತಿ ಚಿಕ್ಕದಕ್ಕೆ ಸೇರುತ್ತದೆ. ಚಿಕ್ಕದು ತನಗಿಂತ ಚಿಕ್ಕದನ್ನು ಎಳೆಯುತ್ತದೆ. ಕೊನೆಗೆ ಸುಳಿಗಳು ತೀರಾ ಸಣ್ಣದಾದಾಗ ನೀರಿನ ಅಂಟುತನ ಅವನ್ನು ಹಿಡಿದು ನಿಲ್ಲಿಸುತ್ತದೆ. ಆಗ ಶಕ್ತಿಯೆಲ್ಲ ಶಾಖವಾಗುತ್ತದೆ.

ದೊಡ್ಡ ಸುಳಿ ಸಣ್ಣ ಸುಳಿಯನ್ನು ಸಾಕುತ್ತದೆ ಎಂಬುದನ್ನು ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಒಂದು ತಮಾಷೆಯ ಪದ್ಯವಾಗಿಯೇ ಬರೆದಿಟ್ಟರು. ಈ ಎಳೆತದ ಮಹತ್ವವನ್ನು 1938ರಲ್ಲಿ ಜಿ.ಐ. ಟೇಲರ್ ತೋರಿಸಿದರು. ಅತಿ ಸಣ್ಣ ಸುಳಿ ಎಷ್ಟು ಸಣ್ಣದಿರಬಹುದು ಎಂಬ ಲೆಕ್ಕವನ್ನು 1941ರಲ್ಲಿ ರಷ್ಯಾದ ಕೊಲ್ಮೊಗೊರೊವ್ ಕೊಟ್ಟರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೊದ್ದಂ ನರಸಿಂಹ ಅವರು ಇಂಥ ಕದಡಿದ ಹರಿವನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಕನ್ನಡದಲ್ಲಿ ವಿಜ್ಞಾನ ಬರೆದವರು.

ಕತೆ ಇಷ್ಟಕ್ಕೇ ಮುಗಿಯಲಿಲ್ಲ. ನೀರಿನ ಒಂದು ಉಂಡೆಯನ್ನು ಹರಿವು ಎಳೆದಾಗ ಅದು ಕೋಡುಬಳೆಯ ಹಾಗೆ ಒಂದೇ ಕಡೆಗೆ ಉದ್ದವಾಗುತ್ತದೆ ಅಂದುಕೊಳ್ಳುತ್ತೇವೆ ಅಲ್ಲವೇ? 1987ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದಾಗ ಬೇರೆಯೇ ಕಂಡಿತು. ಹೆಚ್ಚಾಗಿ ಅದು ಚಪಾತಿಯ ಹಾಗೆ ಆಗುತ್ತದೆ: ಎರಡು ಕಡೆಗೆ ಹರಡಿ, ಮೂರನೇ ಕಡೆ ಅಮುಕಿಕೊಳ್ಳುತ್ತದೆ. ಸುಳಿಯ ಕೋಲು ಅತಿ ಜೋರು ಎಳೆತದ ಕಡೆಗೆ ಮುಖ ಮಾಡುವುದಕ್ಕಿಂತ, ಹೆಚ್ಚಾಗಿ ಎರಡನೆಯ, ಮೆಲ್ಲನೆಯ ಎಳೆತದ ಕಡೆಗೆ ಮಲಗಿರುತ್ತದೆ! ಇದರ ಜೊತೆಗೆ ಎಳೆತವೂ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಹಿಂದಿನಿಂದ ಬೇಗ ಬರುವ ನೀರು ಮುಂದಿನ ನಿಧಾನದ ನೀರನ್ನು ಒತ್ತಿದಾಗ ನಡುವಿನ ಒತ್ತು ಇನ್ನೂ ಬಿಗಿಯಾಗುತ್ತದೆ. ಶಕ್ತಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದರಲ್ಲಿ ಇದಕ್ಕೂ ಪಾಲಿದೆ.

ನೀವೂ ಮಾಡಿ ನೋಡಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ನೀರು ತುಂಬಿ, ಎರಡು ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ. ಬಾಯಿಗೆ ಅಂಗೈ ಒತ್ತಿ, ಬಕೆಟ್ ಮೇಲೆ ತಲೆಕೆಳಗು ಹಿಡಿದು, ನಾಲ್ಕು ಸಲ ಗಿರ್ರನೆ ತಿರುಗಿಸಿ ಕೈ ತೆಗೆಯಿರಿ. ನಡುವೆ ಸುಳಿ ಏಳುತ್ತದೆ. ಅಂಚಿನಲ್ಲಿ ಪುಡಿ ನಿಧಾನ ಸುತ್ತುತ್ತದೆ, ಕುತ್ತಿಗೆಯ ಹತ್ತಿರ ಸರ್ರನೆ. ಕೆಳಗೆ ಬೀಳುವ ನೀರು ಸುಳಿಯನ್ನು ಎಳೆಯುತ್ತಿದೆ. ಹಳ್ಳ, ಹೊಳೆಯ ಸುಳಿಯನ್ನು ಮಾತ್ರ ದಡದಿಂದಲೇ ನೋಡಿ. ಈಜು ಬಲ್ಲವರನ್ನೂ ಅದು ಬಿಡುವುದಿಲ್ಲ.

ಸುಳಿ ಎಳೆದಂತೆಲ್ಲ ವೇಗ ಹೆಚ್ಚಿದರೆ, ಅದು ಮಿತಿಯೇ ಇಲ್ಲದಷ್ಟು ವೇಗವಾಗಿಬಿಡಬಹುದೇ? ಅಥವಾ ನೀರಿನ ಅಂಟುತನ ಪ್ರತಿಸಲವೂ ಅದನ್ನು ತಡೆಯುತ್ತದೆಯೇ? ನೀರಿನ ಹರಿವಿನ ಸಮೀಕರಣಗಳ ಬಗ್ಗೆ ಇಂಥದೇ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ 10 ಲಕ್ಷ ಡಾಲರ್ ಬಹುಮಾನ ಎಂದು ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿತು.

ಸುಳಿ ಒಡೆಯೋದು ಹೇಗೆ ಎಂದು ಕೇಳಿದ ಆ ಹುಡುಗಿ ಈಗ ಎಲ್ಲಿದ್ದಾಳೋ. ಈ ಅಂಕಣ ಅವಳ ಕಣ್ಣಿಗೆ ಬಿದ್ದರೆ: ಅಮ್ಮಾ, ಅವತ್ತು ನಗಬಾರದಿತ್ತು. ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು.

ಮಕ್ಕಳೇ, ನಿಮಗೂ ಯಾರಾದರೂ "ಇದು ಪರೀಕ್ಷೆಗೆ ಬರೋದಿಲ್ಲ" ಅಂದರೆ, ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಮತ್ತೆ ಮುಂದಿನ ವಾರ ಸಿಗೋಣ.